ಗಂಡು ಬೀಜದ ಪೊಟ್ಟಣ ಮತ್ತು ಹಳೆಯ ಗುಟ್ಟು

ಇವತ್ತು ಮಧ್ಯಾಹ್ನ ಮೂರಕ್ಕೆ ಬ್ಯಾಡಗಿಯಿಂದ ಶಾಂತತ್ತೆಯ ಫೋನು ಬಂತು. ರಾಣೆಬೆನ್ನೂರಿನ ಒಂದು ಸಣ್ಣ ಬೀಜದ ಕಂಪನಿಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ನನ್ನ ಅಪ್ಪನ ತಂಗಿ ಶಾಂತತ್ತೆ ಅದೇ ಕಂಪನಿಗೆ ಮೆಣಸಿನಕಾಯಿಯ ಹೈಬ್ರಿಡ್ ಬೀಜ ಬೆಳೆದುಕೊಡುವವಳು.

"ನಿಮ್ಮ ಕಂಪನಿ ಪೇಜ್ ಓಪನ್ ಆಗವಲ್ದೋ ತಮ್ಮಾ. ಸಂಜಿ ಐದರೊಳಗ ಹೆಸರು ಹಚ್ಚಬೇಕು. ಇಲ್ಲಂದ್ರ ನನ್ನ ಈ ಹಂಗಾಮು ಹೋತು ನೋಡು."

ಅಯ್ಯೋ ಅನಿಸಿತು, ನಾನು ಮಾಡಿದ್ದು ಫಲಿಸಿತೆಂದು ಒಳಗೊಳಗೇ ಖುಷಿಯೂ ಆಯಿತು. ಏಕೆಂದರೆ ಅತ್ತೆಯ ಹಳೆ ಕಂಪ್ಯೂಟರು ಬರುತ್ತಿದ್ದ ದಾರಿಯನ್ನು ನಿನ್ನೆಯಷ್ಟೇ ಮುಚ್ಚಿದವನು ನಾನೇ. ಆ ಕಂಪ್ಯೂಟರನ್ನು ಜೋಡಿಸಿಕೊಟ್ಟು, "ಇದು ನಿನ್ನ ಮೊಮ್ಮಕ್ಕಳ ತನಕ ಬರತೈತಿ" ಎಂದು ಜಂಬ ಕೊಚ್ಚಿಕೊಂಡವನೂ ನಾನೇ.

ಎರಡು ಕಂಪ್ಯೂಟರುಗಳು ಮಾತಾಡುವ ಮೊದಲು ಒಂದು ಗುಟ್ಟಿನ ಭಾಷೆ ಗೊತ್ತುಮಾಡಿಕೊಳ್ಳುತ್ತವೆ, ನಡುವೆ ಕಿವಿಗೊಟ್ಟವನಿಗೆ ತಿಳಿಯದಿರಲಿ ಎಂದು. ಆ ಭಾಷೆಗೂ ವಯಸ್ಸಾಗುತ್ತದೆ ನೋಡಿ. ಎಸ್‌ಎಸ್‌ಎಲ್ ಎಂಬ ಹಳೆ ಭಾಷೆ, ಅದರ ನಂತರ ಬಂದ ಟಿಎಲ್‌ಎಸ್ ಎಂಬುದರ ಮೊದಲ ಆವೃತ್ತಿ, ಎರಡರಲ್ಲೂ ತಿಳಿದವರು ತೂತು ಕಂಡುಹಿಡಿದು ಎಷ್ಟೋ ಕಾಲವಾಯಿತು. ಆದರೂ ಹಳೆ ಯಂತ್ರದವರಿಗೆ ತೊಂದರೆಯಾಗದಿರಲಿ ಎಂದು ಹೊಸದರ ಪಕ್ಕದಲ್ಲಿ ಹಳೆಯದನ್ನೂ ಮೊನ್ನೆಯ ತನಕ ಇಟ್ಟುಕೊಂಡಿದ್ದೆವು. ಮಜಾ ಇರುವುದೇ ಇಲ್ಲಿ! ನಡುವೆ ಕೂತ ಕಳ್ಳ ಹೊಸ ಬೀಗ ಮುರಿಯುವ ಗೋಜಿಗೇ ಹೋಗುವುದಿಲ್ಲ. 'ಆ ಕಡೆಯವರಿಗೆ ಹೊಸದು ಬರುವುದಿಲ್ಲವಂತೆ' ಎಂಬ ಭ್ರಮೆ ಹುಟ್ಟಿಸುತ್ತಾನೆ. ಕಂಪ್ಯೂಟರು ಪಾಪ, ಬಲು ಉಪಕಾರಿ. ಹಾಗಾದರೆ ಹಳೆಯದೇ ಆಗಲಿ ಎಂದು ಕೆಳಗಿಳಿಯುತ್ತದೆ.

ಇದನ್ನು ಮೊದಲ ಸಲ ಓದಿದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟಿದ್ದೆ. ನನಗೆ ಕರೆಂಟು ಹೊಡೆಯಿತೆಂದು ಪಕ್ಕದವರು ಗಾಬರಿಯಾದರು. ಈ ಕಳ್ಳನನ್ನು ನಾನು ಕಣ್ಣಾರೆ ಕಂಡಿದ್ದೆನಲ್ಲ! ಅತ್ತೆಯ ಪಡಸಾಲೆಯಲ್ಲಿ ಅವನಿಗೆ ಚಹಾ ಕೂಡ ಕೊಟ್ಟಿದ್ದೆ.

ಆಗ ನಾನು ಡಿಪ್ಲೊಮಾ ಮುಗಿಸಿ, ಕೆಲಸ ಸಿಗದೆ, ಅತ್ತೆಯ ಮನೆಯ ರೊಟ್ಟಿ ಖರ್ಚು ಮಾಡುತ್ತಿದ್ದೆ. ಹೈಬ್ರಿಡ್ ಬೀಜಕ್ಕೆ ಗಂಡು, ಹೆಣ್ಣು ಎಂದು ಎರಡು ತಳಿ ಬೇಕು. ಗಂಡು ಗಿಡದ ಹೂವಿನ ಪುಡಿಯನ್ನು ಹೆಣ್ಣು ಗಿಡದ ಹೂವಿಗೆ ಕೈಯಿಂದ ಮುಟ್ಟಿಸಬೇಕು. ಗಂಡು ಯಾವುದೆಂಬುದು ಕಂಪನಿಯ ಗುಟ್ಟು. ಆ ಗಂಡು ಬೀಜದ ಪೊಟ್ಟಣಗಳೆಲ್ಲ ಅತ್ತೆಯ ಕಪಾಟಿನಲ್ಲಿರುತ್ತಿದ್ದವು, ಸುತ್ತಲಿನ ಬೆಳೆಗಾರರು ಬಂದು ಒಯ್ಯುತ್ತಿದ್ದರು. ಮೊದಮೊದಲು, ಬಂದವರು ಗುರುತಿಗೆ 'ಮೈಲಾರಲಿಂಗ' ಎಂದರೆ ಸಾಕು, ಪೊಟ್ಟಣ ಸಿಗುತ್ತಿತ್ತು. ವರ್ಷಗಟ್ಟಲೆ ನಡೆದು ಆ ಗುರುತು ಸಂತೆಗೆಲ್ಲ ಗೊತ್ತಾಯಿತು. ಆಮೇಲೆ ಕಂಪನಿಯವರು, ಪುಡಿ ಮುಟ್ಟಿಸಿದ ಹೂವಿಗೆ ಗುರುತಿಗೆಂದು ಕಟ್ಟುವ ಉಣ್ಣೆ ದಾರವನ್ನೇ ಬಳಸಿದರು. ಒಬ್ಬೊಬ್ಬ ಬೆಳೆಗಾರನಿಗೆ ಒಂದೊಂದು ಬಣ್ಣದ ತುಣುಕು, ಅದರ ಜೊತೆಯ ತುಣುಕು ಅತ್ತೆಯ ಹತ್ತಿರ. ಎರಡೂ ಹೊಂದಿದರೆ ಮಾತ್ರ ಪೊಟ್ಟಣ.

ಒಂದು ಬೆಳಿಗ್ಗೆ ಬಿಳಿ ಅಂಗಿಯವನೊಬ್ಬ ಬೈಕಿನಲ್ಲಿ ಬಂದ. "ದೇವರಗುಡ್ಡದಿಂದ ಬಂದೇನ್ರಿ. ದಾರದ್ದು ನಮಗ ಯಾರೂ ಹೇಳಿಲ್ರಿ. ಹಳೇ ಗುರ್ತು ಗೊತ್ತೈತಿ, ಮೈಲಾರಲಿಂಗ."

ಅತ್ತೆ ಹಿಂದೆಮುಂದೆ ನೋಡಿದಳು. ನಾನೋ ದೊಡ್ಡ ಧರ್ಮಾತ್ಮ. "ಕೊಟ್ಟು ಕಳಸು ಅತ್ತಿ, ಪಾಪ, ಬಿಸಲಾಗ ಅಷ್ಟು ದೂರದಿಂದ ಬಂದಾರ" ಎಂದೆ. ಅತ್ತೆ ಕೊಟ್ಟಳು. ಮಧ್ಯಾಹ್ನ ದೇವರಗುಡ್ಡದ ನಿಜವಾದ ಬೆಳೆಗಾರ ಹಸಿರು ದಾರ ಹಿಡಿದು ಬಂದ.

ಕಂಪನಿಯವರು ಕೇಳಿದಾಗ ಅತ್ತೆ, "ತಪ್ಪು ನಂದರೀ, ನಾನ ಕೊಟ್ಟೇನಿ" ಎಂದಳು. ನನ್ನ ಹೆಸರೆತ್ತಲಿಲ್ಲ. ಕಪಾಟಿನ ಕೀಲಿ ಹೋಯಿತು, ಬೀಜ ಬೆಳೆಯುವ ಕೆಲಸವೂ ಹೋಯಿತು. ಎರಡು ಹಂಗಾಮು ಬೇರೆಯವರ ಹೊಲಕ್ಕೆ ಕೂಲಿಗೆ ಹೋದ ಮೇಲೆಯೇ ಅವಳನ್ನು ಮತ್ತೆ ಕರೆದರು. ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡೂ ಹೊರಗೆ ಬರದಿದ್ದ ನನಗೆ ಈಗಲೂ ನಾಚಿಕೆಯಾಗುತ್ತದೆ.

ಹಳೆ ದಾರಿ ಮುಚ್ಚಿದವನು ನಾನೇ ಎಂದು ಹೇಳಿದ ಮೇಲೆ ಅಂಥ ಅತ್ತೆ ಇವತ್ತು ಫೋನಿನಲ್ಲಿ ಕೇಳುತ್ತಾಳೆ: "ಹಳೇದನ್ನ ಒಂದು ತಾಸು ತಗದು ಕೊಡೋ. ನನ್ನ ಕೆಲಸ ಮುಗದ ಮ್ಯಾಲ ಮುಚ್ಚೀಯಂತ."

ಒಂದು ಸಾಲು ಬದಲಿಸಿದರೆ ಆಗುತ್ತಿತ್ತು. ಬೆರಳು ಕೀಲಿಮಣೆಯ ಮೇಲೇ ಇತ್ತು. ಆದರೆ ಆ ಒಂದು ತಾಸು ಎಲ್ಲ ಬೆಳೆಗಾರರ ಗುಟ್ಟೂ ಹಳೆಯ ಬೀಗದ ಹಿಂದೆ ಬಿದ್ದಿರುತ್ತದೆ.

"ಆಗಂಗಿಲ್ಲ ಅತ್ತಿ."

ಬೆರಳನ್ನು ಕೀಲಿಮಣೆಯಿಂದ ತೆಗೆದೆ.

"ಅವತ್ತು ಹಿಂಗ ಅಂದಿದ್ರ ಆಗ್ತಿತ್ತಲ್ಲೋ" ಎಂದು ಅತ್ತೆ ನಕ್ಕಳು. ಇಷ್ಟು ವರ್ಷದಲ್ಲಿ ಆ ಮಾತು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. ನನ್ನ ಕಣ್ಣು ತುಂಬಿತು.

"ತಡಿ, ನಾನ ಬರ್ತೇನಿ" ಎಂದವನೇ ಲ್ಯಾಪ್‌ಟಾಪು ಬಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದೆ. ಮೋಟೆಬೆನ್ನೂರಿನಲ್ಲಿ ಡ್ರೈವರು ಎಲೆ ಅಡಿಕೆಗೆಂದು ಇಳಿದಾಗ ನಾನೇ ಬಸ್ಸು ಓಡಿಸಲೇ ಅನಿಸಿತು. ಅತ್ತೆಯ ಪಡಸಾಲೆ ಮುಟ್ಟಿದಾಗ ಐದಕ್ಕೆ ಹನ್ನೆರಡು ನಿಮಿಷ ಬಾಕಿ. ಲ್ಯಾಪ್‌ಟಾಪಿನಲ್ಲಿ ಪುಟ ತೆರೆಯಿತು, ಹೊಸ ದಾರಿಯಲ್ಲಿ, ಬೀಗದ ಚಿಹ್ನೆಯ ಸಮೇತ! ನಾನು ಗೆದ್ದವನಂತೆ ಕೂಗಿದೆ.

"ಪಾಸ್‌ವರ್ಡ್ ಹೇಳು ಅತ್ತಿ, ಲಗೂ ನಾನ ಹೊಡಿತೇನಿ."

ಅತ್ತೆ ಕನ್ನಡಕ ಏರಿಸಿ, ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡಳು.

"ನೀ ಮೊದಲ ಆ ಕಡೆ ಮಾರಿ ಮಾಡು."

ಇಷ್ಟು ಖುಷಿಯಿಂದ ನಾನು ಯಾವ ಗೋಡೆಯನ್ನೂ ನೋಡಿದವನಲ್ಲ.