ಒಬ್ಬಳಿಗೆ ಮುದ್ದೆ ತೊಳಸೋದು ಹೇಗೆ?

ಮೊಮ್ಮಗಳು ಕೈ ಎತ್ತಿ "ಅಜ್ಜೀ" ಅಂತ ಕೂಗಿದಳು. ಮಣಿಕಟ್ಟಿನಲ್ಲಿದ್ದ ಗಾಜಿನ ಬಳೆಗಳೆಲ್ಲ ಝಲ್ಲಂತ ಜಾರಿ ಮೊಳಕೈ ಹತ್ತಿರ ಹೋಗಿ ಕೂತವು.

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಅಷ್ಟು ಜನ ಇದ್ದರು. ಯಾರೂ ತಿರುಗಿ ನೋಡಲಿಲ್ಲ. ನನಗೆ ಮಾತ್ರ ಎದೆ ಧಸಕ್ಕಂತು. ಕೈಲಿದ್ದ ರಾಗಿ ಹಿಟ್ಟಿನ ಗಂಟು ಅಲ್ಲೇ ಇಳಿಸಿಬಿಟ್ಟೆ.

ಬಳೆ ಜಾರಿದ್ದಕ್ಕೆ ಇಷ್ಟು ಗಾಬರಿಯಾ ಅಂತೀರಾ? ಹೇಳ್ತೀನಿ ಕೇಳಿ.

ನನ್ನ ಮೊಮ್ಮಗಳು ಮಾದೇವಿ ಈ ವರ್ಷ ಕೊಳ್ಳೇಗಾಲದಲ್ಲಿ ಹೈಸ್ಕೂಲು ಸೇರಿದ್ದಾಳೆ. ನಾಲ್ಕನೇ ಫಾರಂ, ಅಂದ್ರೆ ಹೈಸ್ಕೂಲಿನ ಮೊದಲನೇ ಕ್ಲಾಸು! (ಇದನ್ನ ಈ ಪೇಪರಿನಲ್ಲಿ ಎಷ್ಟು ಸಲ ಬರೆದಿದ್ದೀನೋ ನನಗೇ ನೆನಪಿಲ್ಲ. ಇನ್ನೊಂದು ಸಲ ಓದಿ, ಏನೂ ನಷ್ಟ ಇಲ್ಲ.) ನಾನು ಓದಿದ್ದು ಮೂರನೇ ಕ್ಲಾಸು. ಅವಳ ಅವ್ವನಿಗೆ ಅದೂ ಸಿಗಲಿಲ್ಲ. ಹನೂರಿನ ಆಚೆ ನಮ್ಮ ಹಳ್ಳಿಯಿಂದ ಒಂದು ಹೆಣ್ಣು ಕೂಸು ಹೈಸ್ಕೂಲಿನ ಮೆಟ್ಟಿಲು ಹತ್ತಿದ್ದು ಇದೇ ಮೊದಲು. ಹೊರಡೋ ಬೆಳಗ್ಗೆ ನಮ್ಮ ಎಮ್ಮೆಗೆ ಇಂಗ್ಲಿಷಿನಲ್ಲಿ "ಕಮ್, ಕಮ್" ಅಂದಳು. ಎಮ್ಮೆ ಬಂತು! ನನ್ನ ಸಂತೋಷ ಎಲ್ಲಿ ಇಟ್ಟುಕೊಳ್ಳಲಿ ಹೇಳಿ.

ಆದರೆ ಈ ಸಂತೋಷಕ್ಕೆ ಒಂದು ಕರಾರಿದೆ.

ಅವಳು ಹೊರಡೋ ಮುಂಚಿನ ದಿನ ಬಳೆಗಾರನನ್ನ ಕರೆಸಿ, ಜಗಲಿ ಮೇಲೆ ಕೂರಿಸಿ, ಎರಡೂ ಕೈಗೆ ಹಸಿರು ಬಳೆ ತೊಡಿಸಿದೆವು. ಒಳ್ಳೆ ಮೈಕೈ ತುಂಬಿಕೊಂಡಿದ್ದ ಕೂಸು. ಬಳೆಗಾರ ಕೈ ಹಿಂಡಿ ಹಿಂಡಿ ಏರಿಸಬೇಕಾಯ್ತು. ಕಂಬಕ್ಕೆ ಒರಗಿ ನೋಡ್ತಿದ್ದ ನನ್ನ ಮಗ ಸಿದ್ದಪ್ಪ, ಅವಳ ಅಪ್ಪ, ಆವಾಗ ಬಾಯಿಬಿಟ್ಟ.

"ಅವ್ವ, ಈ ಬಳೆ ಇಂಗೇ ಕೈ ಇಡ್ಕಂಡು ಕುಂತಿರಬೇಕು. ದೀಪಾವಳಿಗೆ ಬಂದಾಗ ನೋಡ್ತೀನಿ. ಸಡ್ಲ ಆಗಿದ್ರೆ ಓದು ಅಲ್ಲಿಗೇ ಸಾಕು. ನನ್ ಮಗಳು ಉಪಾಸ ಬಿದ್ದು ಓದದೇನೂ ಬ್ಯಾಡ."

ಅವನೇನು ಕೆಟ್ಟವನಲ್ಲ. ಮಗಳು ಅಂದ್ರೆ ಪ್ರಾಣ. ಅದಕ್ಕೇ ಭಯ. ಸಿಟ್ಟು ಮಾಡೋ ಅಪ್ಪನ್ನ ಬೈದು ಬಾಯಿ ಮುಚ್ಚಿಸಬಹುದು. ಭಯಪಡೋ ಅಪ್ಪನಿಗೆ ಏನು ಹೇಳೋದು?

ಈಗ ಗೊತ್ತಾಯ್ತಲ್ಲ, ಆ ಬಳೆ ಸದ್ದಿಗೆ ನನ್ನ ಎದೆ ಯಾಕೆ ಧಸಕ್ಕಂತು ಅಂತ? ಗೌರಿ ಹಬ್ಬ ಆಗ ತಾನೇ ಮುಗಿದಿತ್ತು. ದೀಪಾವಳಿ ಇನ್ನೆಷ್ಟು ದೂರ?

ಅವಳ ಜೊತೆ ಅವಳ ಬಾಡಿಗೆ ರೂಮಿಗೆ ಹೋದೆ. ಚಿನ್ನಮ್ಮಾಳ್ ಅಂತ ನನ್ನ ವಯಸ್ಸಿನ ಹೆಂಗಸು, ನಮಗೆ ಹಳೇ ಪರಿಚಯ, ಅವರ ಮನೆಯ ಮುಂಭಾಗದ ರೂಮು. ತಮಿಳು, ಕನ್ನಡ ಎರಡನ್ನೂ ಕಲಸಿ ಮಾತಾಡ್ತಾರೆ. ಮಕ್ಕಳು ಅವರನ್ನ ಪಾಟಿ ಅಂತಾರೆ, ಅಂದ್ರೆ ಅಜ್ಜಿ. ಪಾಟಿಗೆ ದಿನಕ್ಕೆ ಒಂದೇ ಹೊತ್ತು ಊಟ. ಅದಕ್ಕೇ ಮಾದೇವಿ ತನ್ನ ಅಡುಗೆ ತಾನೇ ಮಾಡ್ಕೋಬೇಕು.

"ಏನಮ್ಮಿ ಉಂಡೆ ಬೆಳಗ್ಗೆ?" ಅಂದೆ.

"ಉಂಡೆ ಕಣಜ್ಜಿ."

"ಏನ್ ಉಂಡೆ?"

ಇದ್ದಿಲ ಒಲೆ ಮೇಲಿದ್ದ ಮಡಕೆ ಮುಚ್ಚಳ ತೆಗೆದೆ. ಹಿಂದಿನ ದಿನದ ಮುದ್ದೆ, ಕಲ್ಲಿನ ಹಾಗೆ. ಪಕ್ಕದಲ್ಲಿ ಅರ್ಧ ಈರುಳ್ಳಿ.

"ಅಯ್ಯೋ ಕೂಸೇ, ಇಟ್ಟು ತೊಳಸಾದು ನಾನೇ ಕಲ್ಸಿದ್ನಲ್ಲೇ! ಸುಗ್ಗೀಲಿ ಆಳುಕಾಳಿಗೆಲ್ಲ ನೀನೇ ತೊಳಸ್ತಿದ್ದಲ್ಲೇ!" (ನಮ್ಮ ಕಡೆ ಮುದ್ದೆಗೆ ಇಟ್ಟು ಅಂತಾರೆ, ಅದನ್ನ ಕೋಲಲ್ಲಿ ತಿರುವೋದಕ್ಕೆ ತೊಳಸೋದು ಅಂತಾರೆ.)

ಆಗ ಅವಳಿಗೆ ಅಳು ಬಂತು. "ಆಳುಕಾಳಿಗೆಲ್ಲ ತೊಳ್ಸದು ಗೊತ್ತಜ್ಜಿ. ಒಬ್ಬಳಿಗೆ ತೊಳ್ಸದು ಎಂಗೆ? ಅದ ಯಾರ್ ಕಲ್ಸಿದ್ರಿ ನಂಗೆ?"

ಓದೋ ತಾಯಂದಿರೇ, ನೀವೇ ಹೇಳಿ. ನಿಮ್ಮಲ್ಲಿ ಯಾರಾದ್ರೂ ಒಬ್ಬರಿಗೆ ಅಂತ ಅಡುಗೆ ಮಾಡಿದ್ದೀರಾ? ನಾನು ಒಲೆ ಮುಂದೆ ಮುದುಕಿ ಆದೆ, ಒಂದು ದಿನವೂ ಮಾಡಿಲ್ಲ. ನಮ್ಮ ಮನೆ ಮಡಕೆಗಳಲ್ಲಿ ಅಷ್ಟು ಚಿಕ್ಕದೇ ಇಲ್ಲ. ಹೆಣ್ಣು ಮಕ್ಕಳಿಗೆ ಎಲ್ಲ ಕಲಿಸ್ತೀವಿ. ಒಬ್ಬಳೇ ಕೂತು ಒಬ್ಬಳೇ ಉಣ್ಣೋ ಕಾಲ ಬರುತ್ತೆ ಅಂತ ಕನಸಿತ್ತಾ?

"ತಾ ಇಲ್ಲಿ, ನಾನ್ ತೋರ್ಸ್ತೀನಿ" ಅಂತ ಸೆರಗು ಕಟ್ಟಿದೆ.

ಚಿಕ್ಕ ಮಡಕೆ, ಚೂರು ನೀರು, ಒಂದು ಹಿಡಿ ಹಿಟ್ಟು. ಕೋಲು ಹಾಕಿ ತಿರುವಿದ್ರೆ ಕೋಲಿನ ಜೊತೆ ಮಡಕೆಯೂ ತಿರುಗ್ತಾ ಇದೆ! ಅದನ್ನ ಹಿಡಿಯೋ ಹೊತ್ತಿಗೆ ನೀರು ಬತ್ತಿಹೋಯ್ತು. ತಳ ಸೀದು, ಒಳಗೆ ಹಸಿ, ಮೇಲೆಲ್ಲ ಗಂಟು. ಮುದ್ದೆ ಮಾಡೋದರಲ್ಲಿ ನಮ್ಮ ಸುತ್ತಿನಲ್ಲಿ ನನ್ನ ಹೆಸರು ಹೇಳ್ತಾರೆ. (ಈಗ ಹೇಳಬೇಡಿ.)

ರೇಗಿಹೋಯ್ತು. ಮಡಕೆ ತುಂಬ ನೀರಿಟ್ಟೆ, ನನ್ನ ಕೈಗೆ ಗೊತ್ತಿದ್ದ ಹಾಗೆ ಹಿಟ್ಟು ಸುರಿದೆ. ಬೆಣ್ಣೆ ಹಾಗೆ ಬಂತು ನೋಡಿ! ಉಂಡೆ ಕಟ್ಟಿ ಸಾಲಾಗಿ ಇಟ್ಟೆ. ಪಾಟಿ ಬಂದು ಇಣುಕಿ, "ಎನ್ನಮ್ಮಾ ಇದು, ಕಲ್ಯಾಣ ಸಾಪಾಟಾ? ಮದುವೆ ಯಾರದು?" ಅಂದರು.

ನಗೋದಾ ಅಳೋದಾ? ತೊಳಸಿದ್ದು ಹೆಚ್ಚಾದ್ರೆ ಮೂರು ಹೊತ್ತೂ ತಂಗಳು, ಹೊಟ್ಟೆ ಕೆಡುತ್ತೆ. ಕಡಿಮೆ ಮಾಡಿದ್ರೆ ಸೀಯುತ್ತೆ. ಬೇಸತ್ತು ಬಿಟ್ಟರೆ ಈರುಳ್ಳಿ ಕಡಿದು ಸ್ಕೂಲಿಗೆ ಓಡೋದು. ಇದೇ ನಡೆದಿತ್ತು ಅಲ್ಲಿ. ದಿನಾ ಹೋಟೆಲಿನಲ್ಲಿ ತಿನ್ನಿಸೋ ಶಕ್ತಿ ನಮಗೆಲ್ಲಿದೆ? ಅನ್ನ ಮಾಡ್ಕೋ ಅನ್ನೋಣ ಅಂದ್ರೆ, ಅಕ್ಕಿ ನಮ್ಮ ಮನೇಲಿ ಹಬ್ಬಕ್ಕೆ ಮಾತ್ರ.

ಕರಾರಿನ ವಿಷಯ ಪಾಟಿಗೆ ಹೇಳಿದೆ. ಅವರು ಮಾದೇವಿಯ ಕೈ ಹಿಡಿದು ತಿರುಗಿಸಿ ನೋಡಿ, ತಟ್ಟನೆ ಒಂದು ಉಪಾಯ ಹೇಳಿದರು. "ಇದಕ್ಕೇನು ಯೋಚನೆ? ಬೀದಿ ಕೊನೇಲಿ ಬಳೆ ಅಂಗಡಿ ಇದೆ. ಇದೇ ಹಸಿರು, ಒಂದಳತೆ ಚಿಕ್ಕದು ತೊಡಿಸು. ನಿನ್ನ ಮಗ ಏನು ಅಳತೆ ಹಿಡಿದು ನೋಡ್ತಾನಾ?"

ಸುಳ್ಳು ಯಾಕೆ, ನಾನು ಎದ್ದೇಬಿಟ್ಟೆ. ಚಪ್ಪಲಿಗೆ ಕಾಲು ಹಾಕಿದ್ದೆ.

"ಕುಂತ್ಕೊ ಅಜ್ಜಿ" ಅಂದಳು ಮಾದೇವಿ. "ಬಳೆ ಚಿಕ್ಕದಾದ್ರೆ ಕೈ ದಪ್ಪ ಆಯ್ತದಾ? ಅಪ್ಪನ ಕಣ್ಗೆ ಮಣ್ಣು ಎರಚ್ತೀಯ, ಸರಿ. ನನ್ನೊಟ್ಟೆಗೆ ಏನ್ ಎರಚ್ತೀಯ?"

ಗೋಡೆ ಆಚೆಯಿಂದ ಯಾರೋ ಕಿಸಕ್ಕಂತ ನಕ್ಕರು.

ಆ ರೂಮುಗಳ ನಡುವಿನ ಗೋಡೆ ಹೆಂಚಿನ ತನಕ ಹೋಗಿಲ್ಲ. ಈ ಕಡೆ ಮಾತು ಆ ಕಡೆಗೆ, ಆ ಕಡೆ ಹೊಗೆ ಈ ಕಡೆಗೆ. ಸೀದ ವಾಸನೆ ಬರ್ತಾನೇ ಇತ್ತು, ನಮ್ಮದೇ ಅಂದುಕೊಂಡಿದ್ದೆ. ಅಲ್ಲ! ಎಳಂದೂರು ಕಡೆಯ ಹುಡುಗಿ ರತ್ನ, ಮಾದೇವಿಯದೇ ಕ್ಲಾಸು, ಪಕ್ಕದ ರೂಮು. ಬಾಗಿಲಿಗೆ ಬಂದು ನಿಂತಳು. ಅವಳ ಕೈಯೂ ಕಡ್ಡಿ.

"ಅಜ್ಜಿ, ನಂದೂ ಸೀದೋಯ್ತು. ಸಾರೇನೋ ಇದೆ. ಇಟ್ಟಿಲ್ಲ."

ನಮ್ಮ ಕಡೆ ಮುದ್ದೆ ಸಾಲಾಗಿ ಕೂತಿದೆ, ಸಾರಿಲ್ಲ. "ಬಾ ಮಗ, ತಕ ಎರಡು ಇಟ್ಟ" ಅಂದೆ.

ಅವಳು ಕೈ ಚಾಚಲಿಲ್ಲ. ನನ್ನ ಮುಖಾನೇ ನೋಡ್ತಾ ಕೇಳಿದಳು. "ನಿಮ್ಮನೇದು ನಾವು ಉಣ್ಬೌದು ಅಜ್ಜಿ. ನಮ್ ಸಾರ ನೀವು ಉಣ್ತೀರಾ?"

ಅವಳ ಜಾತಿ ಬೇರೆ. ಯಾವುದು ಅಂತ ನಾನು ಬರೆಯೋಲ್ಲ, ನೀವು ಕೇಳಬೇಡಿ. ಅವರ ಮನೇಲಿ ಮೀನು ಬೇಯುತ್ತೆ, ನಮ್ಮ ಮನೇಲಿ ಬೇಯಲ್ಲ. ಇಷ್ಟು ಸಾಕು. ನಮ್ಮ ಹಟ್ಟಿಗೆ ಅಂಥವರು ಬಂದ್ರೆ ಉಂಡು ಹೋಗ್ತಾರೆ. ನಾವು ಅವರ ಹಟ್ಟಿಗೆ ಹೋದ್ರೆ ನೀರೂ ಮುಟ್ಟದೆ ಬರ್ತೀವಿ. ಇದು ಎಲ್ಲರಿಗೂ ಗೊತ್ತು. ಬಾಯಿಬಿಟ್ಟು ಯಾರೂ ಕೇಳಲ್ಲ. ಈ ಹುಡುಗಿ ಕೇಳಿಬಿಟ್ಟಳು.

ಮಾದೇವಿ ನನ್ನನ್ನ ನೋಡ್ತಾ ಇದ್ದಾಳೆ. ಪಾಟಿ ಹೆಂಚು ನೋಡ್ತಾ ಇದ್ದಾರೆ. ನಾನು ಎಲ್ಲಿ ನೋಡಲಿ?

ಮಾದೇವಿಯ ಬಳೆ ನೋಡಿದೆ. ಇನ್ನೂ ಮೊಳಕೈ ಹತ್ತಿರಾನೇ ಇತ್ತು.

"ತತ್ತಾ ಮಗ ಸಾರ" ಅಂದೆ.

ಮೊದಲ ತುತ್ತು ಗಂಟಲಲ್ಲಿ ಇಳಿಯೋ ತನಕ ಎದೆ ಡಬಡಬ. ಎರಡನೇದಕ್ಕೆ, ಅಬ್ಬಾ, ಖಾರ ಅರೆದಿದ್ದಾಳೆ ಅಂದ್ರೆ! ಮೂರನೇದಕ್ಕೆ ಎದೆ ವಿಷಯ ಮರೆತೇಹೋಯ್ತು.

ಅಲ್ಲೇ ಎರಡು ದಿನ ಉಳಿದೆ. ಒಬ್ಬಳಿಗೆ ಬಾರದ ಮುದ್ದೆ ಇಬ್ಬರಿಗೆ ಬರುತ್ತೆ ಅಂತ ಕಂಡುಕೊಂಡ್ವಿ. ಎರಡು ರೂಮಿನ ಹಿಟ್ಟು ಒಂದೇ ಮಡಕೆಗೆ ಬಿದ್ದರೆ ತೂಕ ಬರುತ್ತೆ, ನೀರು ಬೇಗ ಬತ್ತಲ್ಲ. ಒಬ್ಬಳು ಕವೆಕೋಲಿನಲ್ಲಿ ಮಡಕೆ ಅದುಮಿ ಹಿಡಿದ್ರೆ ಇನ್ನೊಬ್ಬಳು ತೊಳಸ್ತಾಳೆ. ಇದ್ದಿಲೂ ಅರ್ಧ. ಅದೇ ಪಾತ್ರೇಲಿ ಮೀನು ಬೇಯಿಸೋ ವಿಷಯ ನಾನು ಎತ್ತೋ ಮುಂಚೆ ರತ್ನಾನೇ ಹೇಳಿದಳು: "ಮೀನು ಊರ್ಗೆ ಓದಾಗ ಉಣ್ತೀನಿ ಬುಡಿ ಅಜ್ಜಿ, ಇಲ್ಲಿ ಬ್ಯಾಡ."

ಮಕ್ಕಳನ್ನ ರೂಮಿನಲ್ಲಿ ಬಿಟ್ಟಿರೋ ತಾಯಂದಿರೇ, ಆ ಹುಡುಗಿ ಮಾಡೋ ಉಪ್ಸಾರು ಬರೆದುಕೊಳ್ಳಿ. ಹುರುಳಿಕಾಳು ನೆನೆಹಾಕಿ, ಬಟ್ಟೇಲಿ ಕಟ್ಟಿ ಗೂಟಕ್ಕೆ ನೇತುಹಾಕಿ ಸ್ಕೂಲಿಗೆ ಹೋಗಲಿ. ಮಾರನೇ ದಿನ ಮೊಳಕೆ ಬಂದಿರುತ್ತೆ. ಅದನ್ನ ಉಪ್ಪು ಹಾಕಿ ಬೇಯಿಸಿ, ಕೊನೇಲಿ ಒಂದು ಹಿಡಿ ಸೊಪ್ಪು ಹಾಕೋದು. ಪಾಟಿ ಹಿತ್ತಲಿನ ನುಗ್ಗೆ ಸೊಪ್ಪಾದ್ರೆ ಕಾಸೂ ಇಲ್ಲ. ಬೆಂದ ಮೇಲೆ ನೀರು ಬಸಿದರೆ ಅದೇ ಸಾರು. ಉಳಿದ ಕಾಳು ಸೊಪ್ಪು ಪಲ್ಯ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆಹಣ್ಣು, ಉಪ್ಪು ಸೇರಿಸಿ ಖಾರ ಅರೆದು ಭರಣಿಗೆ ಹಾಕಿದ್ರೆ ನಾಲ್ಕು ದಿನಕ್ಕೆ ಬರುತ್ತೆ. ಉಣ್ಣುವಾಗ ಚೂರು ಸಾರಿಗೆ ಕಲಸಿಕೊಂಡ್ರೆ ಮುಗೀತು. ಎಣ್ಣೆ ಬೇಡ, ಒಗ್ಗರಣೆ ಬೇಡ, ತೆಂಗಿನಕಾಯಿ ಬೇಡ. ಬೆಳಗ್ಗೆಗೆ ರಾತ್ರಿ ಉಳಿದ ಮುದ್ದೆ ಮಜ್ಜಿಗೇಲಿ ಕಿವುಚಿ, ಈರುಳ್ಳಿ ಹೆಚ್ಚಿ ಹಾಕಿದ್ರೆ ಲೆಕ್ಕದ ಪೀರಿಯಡ್ ತನಕ ಹೊಟ್ಟೆ ಮಾತಾಡಲ್ಲ.

ಪೇಟೇಲಿ ಎಲ್ಲಿ ನೋಡಿದ್ರೂ ಒಂದೇ ಮಾತು. ಕೊಳ್ಳೇಗಾಲ ಈಗ ಮದ್ರಾಸ್ ರಾಜ್ಯಕ್ಕೆ ಸೇರಿದ್ದು, ಎಳಂದೂರು ಮೈಸೂರಿಗೆ ಸೇರಿದ್ದು, ಇನ್ನು ಕನ್ನಡದೋರನ್ನೆಲ್ಲ ಒಂದು ಮಾಡ್ತಾರಂತೆ. ಮಾಡಲಿ, ಬಹಳ ಸಂತೋಷ. ಆದರೆ ಎರಡು ಒಲೆ ಒಂದು ಮಾಡೋಕೆ ಎಷ್ಟು ಬೆವರು ಬರುತ್ತೆ ಅಂತ ಆ ದೊಡ್ಡೋರಿಗೆ ಗೊತ್ತಾ?

ಹೋದ ವಾರ ಮತ್ತೆ ಹೋಗಿದ್ದೆ. ಬಸ್ಸಿಂದ ಇಳಿಯೋ ಮುಂಚೇನೇ ಕಿಟಕೀಲಿ ತಲೆ ಹಾಕಿ "ಕೈ ಎತ್ತು ಕೂಸೇ" ಅಂತ ಕೂಗಿದೆ. ಎತ್ತಿದಳು. ಬಳೆ ಎರಡು ಬೆರಳು ಜಾರಿ ಅಲ್ಲೇ ನಿಂತಿತು! ಪಕ್ಕದಲ್ಲಿ ರತ್ನಾನೂ ಕೈ ಎತ್ತಿ ನಿಂತಿದ್ದಳು. ನಾನು ಬಸ್ ಸ್ಟ್ಯಾಂಡಿನಲ್ಲಿ ಇಬ್ಬರನ್ನೂ ತಬ್ಬಿಕೊಂಡು ಅತ್ತೆ. ಕಂಡಕ್ಟರು ಯಾರೋ ಸತ್ತಿರಬೇಕು ಅಂದುಕೊಂಡು ನನ್ನ ಗಂಟು ತಾನೇ ಇಳಿಸಿಕೊಟ್ಟ.

ಸರಿ, ಗೆದ್ದೆ ಅಂದುಕೊಂಡ್ರಾ? ನಾನೂ ಅಂದುಕೊಂಡಿದ್ದೆ.

ವಾಪಸು ಬರೋವಾಗ ಬಸ್ಸಿನಲ್ಲಿ ಹೊಸ ದಿಗಿಲು ಹಿಡೀತು. ಬರೋ ವಾರ ದೀಪಾವಳಿ. ಸಿದ್ದಪ್ಪ ಬಳೆ ನೋಡ್ತಾನೆ, ಖುಷಿಯಾಗ್ತಾನೆ. ಆಮೇಲೆ ಕೇಳೇ ಕೇಳ್ತಾನೆ, "ಏನ್ ಉಣ್ತಿದ್ದೆ ಕೂಸೇ? ಯಾರ್ ಬೇಸ್ಕೊಟ್ರು?" ಮಾದೇವಿಗೆ ಸುಳ್ಳು ಬರಲ್ಲ. ಬಳೇಲಿ ಉಳಿದ ಓದು ರತ್ನನ ಸಾರಿನಲ್ಲಿ ಮುಳುಗಿದ್ರೆ?

ಅವನಿಗೆ ಎದುರು ಕೂತು ಹೇಳೋಣ ಅಂತ ಎರಡು ಸಲ ಹೋದೆ. ಎರಡು ಸಲವೂ ಎಮ್ಮೆ ವಿಷಯ ಮಾತಾಡಿ ಬಂದೆ. ಬಾಯಿಬಿಟ್ಟ ಕೂಡಲೇ ನಡುವೆ ಬಾಯಿ ಹಾಕ್ತಾನೆ, ಅವರಪ್ಪನ ಹಾಗೇ. ಪೇಪರಲ್ಲಿ ಬರೆದ್ರೆ ಹಾಗೆ ಮಾಡೋಕಾಗಲ್ಲ ನೋಡಿ. ಅದಕ್ಕೇ ಬರೆದೆ.

ಬರೆದ ಮೇಲೆ ಹರಿದು ಒಲೆಗೆ ಹಾಕೋಣ ಅಂತಾನೂ ಅನ್ನಿಸ್ತು. ಯಾಕೆ ಅಂದ್ರೆ, ವಾರ ವಾರ ಹನೂರಿನ ಹೋಟೆಲಿನಲ್ಲಿ ಕೂತು "ಇದು ನಮ್ಮವ್ವ ಬರ್ದದ್ದು ಕಣ್ರಿ" ಅಂತ ನಾಲ್ಕು ಜನರಿಗೆ ಜೋರಾಗಿ ಓದಿ ಹೇಳೋನೂ ಅವನೇ. ಇಷ್ಟು ಹೊತ್ತಿಗೆ ಎಲ್ಲರ ಎದುರೂ ಇಲ್ಲಿ ತನಕ ಓದಿರ್ತಾನೆ.

ಲೋ ಸಿದ್ದಾ, ನಿಲ್ಲಿಸಬೇಡ, ಇನ್ನೊಂದೇ ಸಾಲು ಇದೆ, ಇದನ್ನೂ ಜೋರಾಗೇ ಓದು: ಬಳೆ ಬಿಗಿಯಾಗಿರಬೇಕು ಅಂತ ಹೇಳಿದ್ಯಲ್ಲ, ಒಲೆ ಒಂದಿರಬೇಕಾ ಎರಡಿರಬೇಕಾ ಅಂತ ಹೇಳಿದ್ಯಾ?