ಬುದ್ಧನ ನೆತ್ತಿಯ ಮೇಲಿನ ಬೆಳಕಿಂಡಿ

ಇಂಡಿಯಿಂದ ಸಿಂದಗಿಯವರೆಗೆ ತಗಡು ಬಡಿಯುವವರು ಬೇಕಾದಷ್ಟು ಮಂದಿ ಇದ್ದರು. ಅವರು ಬಡಿಯುತ್ತಿದ್ದರು, ನಾನು ಮಾಡುತ್ತಿದ್ದೆ. ಈ ಮಾತನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಏಕೆಂದರೆ ಬೇರೆ ಯಾರೂ ಹೇಳಲಿಲ್ಲ. ಎಪ್ಪತ್ತರ ದಶಕದಲ್ಲಿ ಇಂಡಿ ಪೇಟೆಯ ನನ್ನ ಅಂಗಡಿಯಲ್ಲಿ ಮದುವೆಯ ಟ್ರಂಕು, ಹಾಲಿನ ಕ್ಯಾನು, ಎಣ್ಣೆ ಸುರಿಯುವ ಲಾಳಿಕೆ, ಆಲಮೇಲದ ಗಾಣದವರಿಗೆ ಬೆಲ್ಲದ ಡಬ್ಬಿ, ಎಲ್ಲವೂ ತಯಾರಾಗುತ್ತಿದ್ದವು. ನಡುನಡುವೆ ಚೇಷ್ಟೆಯೂ ತಯಾರಾಗುತ್ತಿತ್ತು. ಎದುರಿನ ಚಹಾದಂಗಡಿಯವನು ಸಕ್ಕರೆ ಡಬ್ಬಿಯ ಮುಚ್ಚಳ ಸಡಿಲಾಗಿದೆ ಎಂದು ಕೊಟ್ಟಾಗ, ಒಳಗಿನ ಸಕ್ಕರೆ ಸಮೇತ ಬೆಸುಗೆ ಹಾಕಿ ಕಳಿಸಿದವನು ನಾನು. ಅವತ್ತು ಇಡೀ ಪೇಟೆ ಸಪ್ಪೆ ಚಹಾ ಕುಡಿಯಿತು. ಅದಕ್ಕೆಲ್ಲ ನನಗೆ ನಾಚಿಕೆಯಿಲ್ಲ. ನನ್ನ ನಾಚಿಕೆ ಬಲು ದೂರದಲ್ಲಿ, ಹಿಮ ಬೀಳುವ ಒಂದು ಗುಡ್ಡದ ಮೇಲೆ, ಬುದ್ಧನ ಗುಡಿಯ ಮಾಡಿನಲ್ಲಿದೆ.

ಹೊರ್ತಿಯವರೊಬ್ಬರು ಮಿಲಿಟರಿ ಬಿಟ್ಟು ಊರಿಗೆ ಬಂದಿದ್ದರು. ನಾನು ಅವರಿಗೆ ಕಾಕಾ ಎನ್ನುತ್ತಿದ್ದೆ. ಅವರ ಎಡಗಾಲಿಗೆ ಬೆರಳುಗಳಿರಲಿಲ್ಲ, ಹಿಮ ತಿಂದಿತ್ತು. ನೌಕರಿಯಲ್ಲಿದ್ದಾಗ ಆ ಗುಡ್ಡದಲ್ಲಿ ದಾರಿ ತಪ್ಪಿ ಬಿದ್ದಿದ್ದ ಅವರನ್ನು ಗುಡಿಯ ಸನ್ಯಾಸಿಗಳು ಹೊತ್ತು ತಂದು, ತಮ್ಮ ಕಂಬಳಿ ಹೊದಿಸಿ, ಅವರ ಪಾದಗಳನ್ನು ತಮ್ಮ ಹೊಟ್ಟೆಗೆ ಒತ್ತಿಕೊಂಡು ಕಾಯಿಸಿ ಬದುಕಿಸಿದ್ದರು. ಆ ಗುಡಿಯ ಮಾಡು ಮರದ ಹಲಗೆಯದು. ಕಾಕಾ ಮಲಗಿದ್ದಷ್ಟು ದಿನವೂ ಅದು ಅವರ ಮೇಲೆ ತೊಟ್ಟಿಕ್ಕುತ್ತಿತ್ತು. ನಡೆಯುವಂತಾದರೆ ನಿನಗೆ ತಗಡಿನ ಮಾಡು ಹೊದಿಸುತ್ತೇನೆ ಎಂದು ಅಲ್ಲಿನ ಬುದ್ಧನಿಗೆ ಅವರು ಹರಕೆ ಹೊತ್ತಿದ್ದರು.

"ಅಲ್ಲೇ ಗುಡ್ಡದ ಬುಡಕ ಯಾವದರ ಪ್ಯಾಟಿ ಇರ್ತೈತಲ್ಲ ಕಾಕಾ. ಅಲ್ಲೇ ತಗೊಂಡ್ರ ಆಗೂದಿಲ್ಲೇನು?" ಎಂದೆ.

"ದೇವರ ಬಾಗಲದಾಗ ಕೊಂಡು ದೇವರಿಗೆ ಕೊಟ್ರ ಅದು ಹರಕಿ ಹ್ಯಾಂಗ ಆಗ್ತೈತಲೇ? ನಮ್ಮೂರಾಗ ಮಾಡಿಸಿ, ನಮ್ಮೂರಿಂದ ಹೊತಗೊಂಡು ಹೋಗಬೇಕು."

"ಹಂಗಾದ್ರ ಕೂಡಸಾಕ ನಾನೂ ಬರಬೇಕಾಗ್ತೈತಿ."

"ಬಾ. ಬಾಯಿ ಮಾತ್ರ ಇಂಡ್ಯಾಗ ಬಿಟ್ಟು ಬಾ."

ಗುಡಿಯ ಗೋಡೆಗಳ ಅಳತೆ ಕಾಕಾ ಬಳಿ ಒಂದು ಹಗ್ಗದಲ್ಲಿತ್ತು, ಗಂಟು ಹಾಕಿ ತಂದಿದ್ದರು. ಚೌಕ ಗುಡಿ. ನಾಲ್ಕೂ ಕಡೆ ಇಳಿಜಾರು, ನಡುವೆ ಶಿಖರದಂತೆ ಕೂಡಬೇಕು, ಹಿಮ ಜಾರಿ ಹೋಗಬೇಕು. ನಾನು ಜೀವ ಸುರಿದು ಮಾಡಿದೆ. ಅಂಚಿಗೆಲ್ಲ ಎಲೆಬಳ್ಳಿ ಬಡಿದೆ. ನೋಡಲು ಬಂದವರಿಗೆ, ಇಂಥದ್ದು ನಿಮ್ಮ ಮುತ್ತಜ್ಜನೂ ಕಂಡಿರಲಿಲ್ಲ, ನೀವೂ ಇದೊಂದೇ ಸಲ ಕಾಣುವುದು ಎಂದು ಹೇಳಿ ಕಳಿಸುತ್ತಿದ್ದೆ.

ತುಂಡುಗಳೆಲ್ಲ ತಯಾರಾದ ಮೇಲೆ ಅಂಗಡಿಯ ಮುಂದೆ ಒಮ್ಮೆ ಜೋಡಿಸಿ ನೋಡೋಣವೆಂದೆ. ಕಾಕಾ ಕೈ ಅಡ್ಡ ಹಿಡಿದರು.

"ದೇವಿಗೆ ಸೀರಿ ಒಯ್ಯೂಮುಂದ ಮನ್ಯಾಗ ಉಟ್ಟು ನೋಡಿ ಒಯ್ತಾರೇನು? ಎಂಜಲಾ ಮಾಡಬ್ಯಾಡ. ಮೊದಲ್ನೇ ಸಲ ಅಲ್ಲೇ ಏರಲಿ."

ನಮ್ಮ ಕಡೆ ದೇವರಿಗೆಂದು ತೆಗೆದಿಟ್ಟ ಹಣ್ಣನ್ನು ಮೂಸಿಯೂ ನೋಡುವುದಿಲ್ಲ. ಮೇಲಾಗಿ, ನನ್ನ ಕೈಯ ಕೆಲಸಕ್ಕೆ ಪರೀಕ್ಷೆ ಬೇರೆ ಬೇಕೇ ಎಂಬ ಸೊಕ್ಕು ನನಗೂ ಇತ್ತು. ತಗಡುಗಳನ್ನು ಗೋಣಿಯಲ್ಲಿ ಸುತ್ತಿ ರೈಲಿಗೆ ಹಾಕಿದೆವು. ಆಮೇಲೆ ಲಾರಿ, ಅದಾದ ಮೇಲೆ ಹೇಸರಗತ್ತೆ. ದಾರಿಯುದ್ದಕ್ಕೂ ತಗಡು ಗಲಗಲ ಎನ್ನುತ್ತಿತ್ತು, ನಾನು ಅದಕ್ಕಿಂತ ಹೆಚ್ಚು.

ಗುಡ್ಡದ ಮೇಲೆ ನಮಗಾಗಿ ಕಾಯುತ್ತಿದ್ದರು. ಕಾಕಾ ಹೇಳಿ ಕಳಿಸಿದ ಮಾತನ್ನು ನಂಬಿ ಹಳೆಯ ಹಲಗೆಗಳನ್ನು ಕಿತ್ತು, ಗಟ್ಟಿ ಇದ್ದವನ್ನು ಹೊಸ ಚೌಕಟ್ಟಿಗೆ ಬಳಸಿ, ಉಳಿದದ್ದನ್ನು ಒಲೆಗೆ ಹಾಕಿಯಾಗಿತ್ತು. ಗುಡಿ ಬರಿತಲೆಯಲ್ಲಿ ನಿಂತಿತ್ತು, ಬುದ್ಧನಿಗೆ ತಲೆಯವರೆಗೂ ಕಂಬಳಿ ಹೊದಿಸಿದ್ದರು. ಹಿಮ ಯಾವಾಗ ಬೇಕಾದರೂ ಶುರುವಾಗಬಹುದೆಂದು ಅಡುಗೆಯ ಸನ್ಯಾಸಿ ಹೇಳಿದ. ಅಲ್ಲಿ ಹಿಂದಿ ಬರುತ್ತಿದ್ದುದು ಅವನೊಬ್ಬನಿಗೆ. ಅವನು ಕಾಕಾಗೆ ಹೇಳಬೇಕು, ಕಾಕಾ ನನಗೆ ಹೇಳಬೇಕು.

ಮರದ ಚೌಕಟ್ಟು, ಜೋಡಿಸಿದ ಅಂಗೈಗಳಂತೆ, ಚೂಪಾಗಿ ಎದ್ದಿತ್ತು. ಕೆಳಗಿನಿಂದ ತಗಡು ಕೂಡಿಸುತ್ತ ಹೋದೆ. ಮೂಲೆಗಳಲ್ಲಿ ಸಂದು ಬಿಡತೊಡಗಿದವು. ಹೆಚ್ಚಿಗೆ ತಂದಿದ್ದ ಪಟ್ಟಿಗಳೆಲ್ಲ ಅವನ್ನು ಮುಚ್ಚುವುದರಲ್ಲೇ ಮುಗಿದವು. ತುದಿಗೆ ಬಂದಾಗ ನಾಲ್ಕು ಕಡೆಯ ತಗಡೂ ಒಂದನ್ನೊಂದು ಮುಟ್ಟದೆ ನಿಂತವು. ನಡುವೆ ಒಬ್ಬ ಮನುಷ್ಯ ಇಳಿಯುವಷ್ಟು ಆಕಾಶ.

ನಮ್ಮ ಸೀಮೆಯಲ್ಲಿ ಮನೆ ಎಂದರೆ ಮಣ್ಣಿನ ಚಪ್ಪಟೆ ಮಾಳಿಗೆ. ಗೋಡೆಯಿಂದ ಗೋಡೆಗೆ ಎಷ್ಟೋ ಅಷ್ಟೇ ಮಾಡು. ನಾನು ಹಗ್ಗದಲ್ಲಿ ಗೋಡೆಯಿಂದ ನಡುಮಧ್ಯಕ್ಕೆ ಇದ್ದ ಉದ್ದವನ್ನೇ ಹಿಡಿದು ತಗಡು ಕತ್ತರಿಸಿದ್ದೆ. ಓರೆಯಾಗಿ ಏರುವಾಗ ದಾರಿ ಹೆಚ್ಚಾಗುತ್ತದೆ. ದಿನಾ ಲಾಳಿಕೆ ಕತ್ತರಿಸುವ ಕೈಗೆ ಇದು ತಿಳಿಯಬೇಕಿತ್ತು. ಆದರೆ ಮನೆ ಎಂದೊಡನೆ ನನ್ನ ತಲೆಯಲ್ಲಿ ಮಾಳಿಗೆ ಬಂದು ಕೂತಿತ್ತು.

ಕೆಳಗಿನಿಂದ ಅಡುಗೆಯವನು ಏನೋ ಕೇಳಿದ. ಮೇಲೆ ಯಾಕೆ ಬಿಟ್ಟಿದ್ದೀರಿ ಎನ್ನುತ್ತಾನೆಂದು ಕಾಕಾ ಹೇಳಿದರು. ನನ್ನ ಬಾಯಲ್ಲಿ ಮೊಳೆಗಳಿದ್ದವು. ಉಗುಳಿದೆ. ಜೊತೆಗೆ ಇದೂ ಬಂತು:

"ಬೆಳಕಿಂಡಿ ಅನ್ರಿ ಕಾಕಾ. ನಮ್ಮ ಕಡೆ ಎಲ್ಲಾ ಮನ್ಯಾಗ ಇರ್ತೈತಿ ಅನ್ರಿ. ಸುಳ್ಳೇನಲ್ಲ."

"ಮಳಿ ಬಂದ್ರ ಅದರ ಮ್ಯಾಲ ಗಡಿಗಿ ಬೋರಲ ಹಾಕ್ತೀವಿ. ಅದನ್ನೂ ಅನ್ನಲೇನು?"

"ಅದನ್ನ ಅನಬ್ಯಾಡ್ರಿ."

ತಾವು ತಂದ ಹರಕೆ ತೂತಾಗಿದೆ ಎಂದು ಅಷ್ಟು ಜನರೆದುರು ಹೇಳಲು ಕಾಕಾನಿಂದಲೂ ಆಗಲಿಲ್ಲವೇನೋ. ನೆಲ ನೋಡುತ್ತ ನನ್ನ ಮಾತನ್ನೇ ಹಿಂದಿಯಲ್ಲಿ ಹೇಳಿದರು.

ಹಿರಿಯ ಸನ್ಯಾಸಿ ಒಳಗೆ ಬಂದು ಬುದ್ಧನ ಮೇಲಿನ ಕಂಬಳಿ ತೆಗೆದರು. ಬಿಸಿಲು ಚೌಕವಾಗಿ ಇಳಿದು ಬುದ್ಧನ ಮುಖದ ಮೇಲೆ ಬಿದ್ದಿತ್ತು. ತುಪ್ಪದ ದೀಪದಲ್ಲೇ ನೋಡುತ್ತ ಬಂದ ಮುಖವನ್ನು ಅವರು ಮೊದಲ ಸಲ ಹಗಲಲ್ಲಿ ನೋಡಿದರಂತೆ. ತಮ್ಮ ಆಸನವನ್ನು ಆ ಬೆಳಕಿನ ಕೆಳಗೇ ಹಾಕಿಸಿಕೊಂಡರು. ಮೇಲೆ ನೋಡಿ ನನಗೆ ಕೈ ಮುಗಿದರು. ನಾನೂ ಮುಗಿದೆ, ದೊಡ್ಡ ಉಪಕಾರ ಮಾಡಿದವನ ಹಾಗೆ. ಸಂಜೆ ಉಪ್ಪು, ಬೆಣ್ಣೆ ಹಾಕಿದ ಚಹಾ ಕೊಟ್ಟರು. ಕಾಕಾ ಬಟ್ಟಲು ಮುಟ್ಟಲಿಲ್ಲ.

ಮರುದಿನ ಬೆಳಗಿನ ಪ್ರಾರ್ಥನೆಗೆ ನಮ್ಮನ್ನೂ ಕರೆದರು. ಆಗಲೇ ಹಿಮ ಹಿಡಿದಿತ್ತು. ಚೌಕದಿಂದ ಅದು ಸದ್ದಿಲ್ಲದೆ ಇಳಿಯುತ್ತಿತ್ತು, ಜೋಳದ ಹಿಟ್ಟು ಜರಡಿ ಹಿಡಿದಂತೆ. ಬುದ್ಧನ ತೊಡೆಯ ಮೇಲೆ ಬಿತ್ತು. ಹಿರಿಯರ ಬೋಳುತಲೆಯ ಮೇಲೆ ಬಿದ್ದು, ಕರಗಿ, ಕಿವಿಯ ಹಿಂದೆ ಹರಿಯಿತು. ಅವರು ಪಠಣ ನಿಲ್ಲಿಸಲಿಲ್ಲ. ಅಡುಗೆಯವನು ಆಸನ ಸರಿಸಲು ಬಂದಾಗ ಕೈಸನ್ನೆಯಲ್ಲೇ ಬೇಡವೆಂದು, ಮೆಲ್ಲಗೆ ಏನೋ ಹೇಳಿದರು. ಅವನು ಅದನ್ನು ಕಾಕಾ ಕಿವಿಯಲ್ಲಿ ಹೇಳಿದ.

"ಏನಂತ್ರಿ?" ಎಂದೆ.

"ಬಂದ ಮಂದಿ ತಮ್ಮೂರ ಪದ್ಧತಿಯಿಂದ ಕಟ್ಟ್ಯಾರ, ನಾ ಸರದು ಕುಂತ್ರ ಅವರ ಮನಸಿಗಿ ಬ್ಯಾಸರಾಗ್ತೈತಿ ಅಂತ."

ನನ್ನ ಜೀವಮಾನದಲ್ಲಿ ಎಷ್ಟೋ ಮಂದಿಯನ್ನು ಮಂಗ ಮಾಡಿದ್ದೇನೆ. ಅವರೆಲ್ಲ ಬೈದರು, ಕೆಲವರು ಹೊಡೆದರು. ಹೀಗೆ ನನ್ನ ಮಾನ ಕಾಯಲು ತಲೆಯ ಮೇಲೆ ಹಿಮ ಹೊತ್ತು ಕೂತವರು ಯಾರೂ ಇರಲಿಲ್ಲ.

"ಹೇಳ್ರಿ ಕಾಕಾ, ತಪ್ಪಾಗೈತಿ ಅಂತ."

"ಸುಳ್ಳ ನಿನ್ನ ಬಾಯಿಂದ ಹೊಂಟಿತ್ತು. ಖರೇನೂ ನೀನ ಹೇಳು."

"ನನಗ ಅವರ ಮಾತ ಬರೂದಿಲ್ಲ."

"ಬರೂ ಮಾತಿಲೆ ಎಷ್ಟ ಚಂದ ಹೇಳಿದಿ ಅಂತ ಗೊತ್ತೈತಿ. ಹೋಗು."

ಪಠಣ ಮುಗಿದ ಕೂಡಲೇ ಎದ್ದು ಹಿರಿಯರ ಮುಂದೆ ನಿಂತೆ. ಮತ್ತೇನೂ ತೋಚದೆ, ಸಾಲಿಯಲ್ಲಿ ಮಾಸ್ತರರು ಮಾಡಿಸುತ್ತಿದ್ದಂತೆ ಎರಡೂ ಕಿವಿ ಹಿಡಿದು ಬಸ್ಕಿ ಹೊಡೆಯತೊಡಗಿದೆ. ಕಿರಿಯ ಸನ್ಯಾಸಿಗಳು ನಕ್ಕರು. ಹಿರಿಯರು ಇದೂ ನಮ್ಮ ಊರಿನ ಪದ್ಧತಿಯೆಂದುಕೊಂಡು, ಗೌರವದಿಂದ ತಮ್ಮ ಕಿವಿಗಳನ್ನೂ ಹಿಡಿದುಕೊಂಡರು. ಅದನ್ನು ಕಂಡು ಬಸ್ಕಿ ಅಲ್ಲಿಗೇ ನಿಲ್ಲಿಸಿದೆ. ಕೂತಲ್ಲೇ ಮೇಲಿನ ಕಿಂಡಿ ತೋರಿಸಿದೆ, ನನ್ನ ಹಣೆ ಬಡಿದುಕೊಂಡೆ, ಇಲ್ಲ ಇಲ್ಲ ಎಂದು ತಲೆಯಾಡಿಸಿದೆ. ಅಡುಗೆಯವನಿಗೆ ಹೊಳೆಯಿತು. ಅವನು ಹೇಳಿದ ಮೇಲೆ ನಗು ನಿಂತಿತು. ಹಿರಿಯರು ಕಿಂಡಿ ನೋಡಿದರು, ನನ್ನನ್ನು ನೋಡಿದರು, ತೋಳಿನಿಂದ ತಲೆ ಒರೆಸಿಕೊಂಡರು. ಬೈದಿದ್ದರೆ ನನಗೆ ಸುಲಭವಿತ್ತು. ಬೈಗುಳಕ್ಕೆ ಉತ್ತರ ಕೊಡುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಅವರು ಅಡುಗೆಯವನಿಗೆ ಒಂದು ಮಾತು ಹೇಳಿ ಗುಡಿಯ ಕೆಳಗಿದ್ದ ಹಳ್ಳಿಗೆ ಕಳಿಸಿದರು.

ಮುಚ್ಚಲು ನನ್ನ ಬಳಿ ಒಂದು ಚೂರು ತಗಡು ಉಳಿದಿರಲಿಲ್ಲ. ಪೇಟೆಗೆ ಇಳಿದು ಬರುವಷ್ಟರಲ್ಲಿ ದಾರಿ ಮುಚ್ಚಿಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಹೆಂಗಸರು ಏರಿ ಬಂದರು. ಒಬ್ಬೊಬ್ಬರ ಕಂಕುಳಲ್ಲಿ ಒಂದೊಂದು ಡಬ್ಬಿ. ಹಿಟ್ಟಿನದು, ಉಪ್ಪಿನದು, ಬೆಣ್ಣೆಯದು. ಒಳಗಿದ್ದುದನ್ನು ಬಟ್ಟೆಗೆ ಸುರಿದು ಗಂಟು ಕಟ್ಟಿಕೊಂಡು, ಡಬ್ಬಿಯನ್ನು ನನ್ನ ಮುಂದೆ ಇಟ್ಟು ಹೋದರು. ಒಬ್ಬ ಮುದುಕಿ ಹೂವಿನ ಚಿತ್ರದ ಬಿಸ್ಕೀಟು ಡಬ್ಬಿ ತಂದಿದ್ದಳು. ಇಟ್ಟಳು, ಮತ್ತೆ ಎತ್ತಿಕೊಂಡಳು. ಕೊನೆಗೆ ಮುಚ್ಚಳ ತೆಗೆದು ತನ್ನ ಮಡಿಲಲ್ಲಿಟ್ಟುಕೊಂಡು ಡಬ್ಬಿಯನ್ನಷ್ಟೇ ಕೊಟ್ಟಳು. ನನ್ನ ಅಂಗಡಿಯಲ್ಲಿ ಇಂಥವು ರಾಶಿ ಬಿದ್ದಿರುತ್ತಿದ್ದವು, ಕಾಲಲ್ಲಿ ಒದ್ದು ದಾರಿ ಮಾಡಿಕೊಳ್ಳುತ್ತಿದ್ದೆ. ಇಲ್ಲಿ ಮನೆಗೊಂದು. ಅವನ್ನು ಸೀಳಿ ಚಪ್ಪಟೆ ಮಾಡುವಾಗ ನಾನು ಯಾರ ಮುಖವನ್ನೂ ನೋಡಲಿಲ್ಲ. ಕೆಲಸ ಮುಗಿಯುವವರೆಗೂ ಬಾಯಿ ತೆರೆಯಲಿಲ್ಲ. ಕಾಕಾ ಬಂದು ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದರು.

ತುಂಡುಗಳನ್ನು ಜೋಡಿಸಿ ಟೋಪಿಯಂಥ ಮುಚ್ಚಳ ಮಾಡಿ ಕಿಂಡಿಗೆ ಕೂಡಿಸಿದೆ. ಒಂದು ಹನಿಯೂ ಇಳಿಯದಂತಾಯಿತು. ಒಳಗೆ ಹೋದರೆ ಮತ್ತೆ ಕತ್ತಲೆ. ಹಿರಿಯರು ಮೇಲೆ ನೋಡುತ್ತ ನಿಂತಿದ್ದರು. ಏನೋ ಕೇಳಿದರು.

"ಚಳಿ ಹೋದಮ್ಯಾಲ ತಗಿಯಾಕ ಬರ್ತೈತೇನು ಅಂತಾರ," ಎಂದರು ಕಾಕಾ. "ಬುದ್ಧನ ಮಾರಿ ಬೆಳಕಿನ್ಯಾಗ ಕಂಡಿತ್ತು, ಚಲೋ ಇತ್ತು ಅಂತ."

"ನನಗ ಬ್ಯಾಸರಾಗಬಾರದಂತ ಅನ್ನಾಕತ್ತಾರೇನ್ರಿ?"

"ನಿನ್ನಂಗಲ್ಲ ಅವರು. ಬೇಕಂದ್ರ ಬೇಕಂತಾರ."

ಮರುದಿನ ಹಿಮ ನಿಂತು ಬಿಸಿಲು ಬಂದಾಗ ಮತ್ತೆ ಏರಿದೆ. ಮೊಳೆಗಳನ್ನೆಲ್ಲ ಕಿತ್ತು, ಒಂದು ಬದಿಗೆ ಬಾಗಿಲಿಗೆ ಹಾಕುವಂಥ ಬಿಜಾಗರಿ ಕೂಡಿಸಿ, ಎಳೆದರೆ ಮುಚ್ಚಳ ಏಳುವಂತೆ ಒಳಗೆ ಹಗ್ಗ ಇಳಿಬಿಟ್ಟೆ. ಕಾಕಾ ಬೆರಳಿಲ್ಲದ ಕಾಲನ್ನು ಹಿಮದಲ್ಲೂರಿ ಏಣಿ ಹಿಡಿದಿದ್ದರು.

"ಕಾಕಾ, ನಿಮ್ಮ ಹರಕಿ ಕೆಡಿಸಿದ್ನೇನ್ರಿ?"

"ಜೋಡಿಸಿ ನೋಡೂದು ಬ್ಯಾಡ ಅಂದಾಂವ ನಾನು," ಎಂದರು. "ಅರ್ಧ ತಪ್ಪು ನಂದು. ಗಟ್ಟಿ ಬಡಿ, ಮತ್ತ ಬರಾಕ ಈ ಕಾಲಿಗಿ ಆಗೂದಿಲ್ಲ."

ಆ ಅರ್ಧವನ್ನು ಅವರು ಹೊತ್ತುಕೊಂಡದ್ದನ್ನೇ ನನಗೆ ತಡೆಯಲಾಗಲಿಲ್ಲ. ಬೇಡ ಕಾಕಾ, ಪೂರ್ತಿ ನನ್ನದೇ ಎನ್ನಬೇಕಿತ್ತು. ಅದರ ಬದಲು ಮತ್ತೊಂದು ಮೊಳೆ ಬಡಿದೆ. ಅಷ್ಟರಲ್ಲಿ ಕೆಳಗೆ ಯಾರೋ ಹಗ್ಗ ಎಳೆದರು. ಮುಚ್ಚಳ ಎದ್ದಿತು. ಹಿರಿಯರು, ಅಡುಗೆಯವನು, ಡಬ್ಬಿ ಕೊಟ್ಟ ಹೆಂಗಸರು, ಎಲ್ಲರೂ ಕತ್ತೆತ್ತಿ ನೋಡುತ್ತಿದ್ದರು. ನನ್ನ ತಲೆಯ ನೆರಳು ಸರಿಯಾಗಿ ಬುದ್ಧನ ಮುಖದ ಮೇಲೆ ಬಿದ್ದಿತ್ತು. ತಲೆ ಹಿಂದಕ್ಕೆ ತೆಗೆದುಕೊಂಡೆ.