ಬೆನ್ನಿನ ಪಟ್ಟಿಗೆ ಇಸ್ತ್ರಿ

ಅಪ್ಪ ನಲವತ್ತು ವರ್ಷ ಇಸ್ತ್ರಿ ಅಂಗಡಿ ನಡೆಸಿದ. ಅಷ್ಟೂ ವರ್ಷದಲ್ಲಿ ಅವನ ಬಾಯಿಂದ ಮಗಳಾದ ನನಗೊಂದು ಒಳ್ಳೆಯ ಮಾತು ಬಂದಿದ್ದರೆ ಆಗ ನನ್ನ ಕಿವಿ ಕೆಟ್ಟಿತ್ತು ಎಂದುಕೊಳ್ಳಿ. ನಾನು ಒತ್ತಿದ ಅಂಗಿಯನ್ನು ಗಿರಾಕಿಯ ಎದುರಿಗೇ ಬಿಡಿಸಿ, "ಎಮ್ಮೆ ಅಗಿದ ಹಾಗಿದೆ" ಎಂದು ತಾನೇ ಮತ್ತೆ ಒತ್ತುತ್ತಿದ್ದ. ಗಿರಾಕಿಗಳು ನಗುತ್ತಿದ್ದರು. ನಾನು ಹಲ್ಲು ಕಚ್ಚಿ ಮುಂದಿನ ಅಂಗಿಗೆ ನೀರು ಚಿಮುಕಿಸುತ್ತಿದ್ದೆ.

ಕ್ಯಾನ್ಸರ್ ಅವನ ಬೆನ್ನುಮೂಳೆಗೆ ಇಳಿದಾಗ ನಾಲಿಗೆ ಇನ್ನಷ್ಟು ಹರಿತವಾಯಿತು. ನಿಲ್ಲಲಾರ, ಕೂರಲಾರ, ಮಲಗಲಾರ. ನಾಲ್ಕು ಗಂಟೆಗೊಮ್ಮೆ ನುಂಗುವ ಮಾತ್ರೆಯ ಬಲ ಮೂರನೇ ಗಂಟೆಗೇ ಇಳಿಯುತ್ತಿತ್ತು. ಆಮೇಲಿನ ಒಂದು ಗಂಟೆಯ ಬೈಗುಳವೆಲ್ಲ ನನ್ನ ಪಾಲಿಗೆ. ಕೊನೆಗೆ ಆಸ್ಪತ್ರೆಯ ನರ್ಸ್ ಅವನ ಬೆನ್ನಿನ ಮೇಲ್ಭಾಗಕ್ಕೆ ಬೆಂಕಿಪೊಟ್ಟಣದಷ್ಟು ಅಗಲದ ಒಂದು ತೆಳ್ಳನೆಯ ಪಟ್ಟಿ ಅಂಟಿಸಿದಳು. ಅದರೊಳಗಿನ ಅಫೀಮಿನ ಜಾತಿಯ ಔಷಧಿ ಮೂರು ದಿನ ಚರ್ಮದ ಮೂಲಕ ಸ್ವಲ್ಪಸ್ವಲ್ಪವೇ ಇಳಿಯುತ್ತದಂತೆ.

"ಬಿಸಿ ಮಾತ್ರ ತಾಗಿಸಬೇಡಿ," ಎಂದಳು ನರ್ಸ್. "ಬಿಸಿನೀರಿನ ಚೀಲ ಕೂಡ ಬೇಡ. ನಿಧಾನಕ್ಕೆ ಇಳೀಬೇಕಾದ್ದು ಒಟ್ಟಿಗೆ ಇಳಿದ್ರೆ ಉಸಿರೇ ನಿಂತುಹೋಗುತ್ತೆ."

ಪಟ್ಟಿ ಕೆಲಸ ಮಾಡಿತು, ಸುಳ್ಳು ಹೇಳಲಾರೆ. ಅಪ್ಪ ರಾತ್ರಿಯಿಡೀ ನಿದ್ದೆ ಮಾಡಿದ. ಹೊಟ್ಟೆ ಕಟ್ಟಿತು, ಅದಕ್ಕೂ ನನ್ನನ್ನೇ ಬೈದ. ಎರಡನೇ ವಾರ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು, ನನ್ನ ಕೆಲಸದಲ್ಲಿ ತಪ್ಪು ಹುಡುಕುವಷ್ಟು ಚೇತರಿಸಿಕೊಂಡ.

ಅಂಗಡಿಯ ಸೆಕೆಗೆ ಬೆವರಿ ಪಟ್ಟಿಯ ಅಂಚು ಎದ್ದಿತು. ಮುದುರಿದ ಅಂಚನ್ನು ಸಹಿಸುವ ಆಸಾಮಿಯಲ್ಲ ಅವನು.

"ಒಂದು ಬಟ್ಟೆ ಹಾಕಿ ಮೇಲಿಂದ ಒತ್ತು," ಎಂದ.

"ಬಿಸಿ ತಾಗಿಸಬಾರದಂತೆ, ಅಪ್ಪ."

"ರೇಷ್ಮೆ ಕಾವು ಒಂದು ಬಿಸಿನಾ? ಬರಲ್ಲ ಅಂದ್ರೆ ಬರಲ್ಲ ಅನ್ನು."

ನಮ್ಮ ಅಂಗಡಿಯಲ್ಲಿ ನೀರು ಹನಿಸಿದರೆ ಚುರ್ ಎನ್ನುವುದು ಮಾತ್ರ ಬಿಸಿ. ರೇಷ್ಮೆಗೆ ಇಡುವುದು ಬರೀ ಕಾವು. ನರ್ಸ್ ಹೇಳಿದ್ದು ಇದನ್ನಲ್ಲ ಎಂದು ನಾನೂ ನಂಬಿದೆ. ನಂಬಿದೆ ಅನ್ನುವುದಕ್ಕಿಂತ, ಅವನ ಬಾಯಿ ಮುಚ್ಚಿಸಬೇಕಿತ್ತು. ಹತ್ತಿಬಟ್ಟೆ ಹಾಸಿ, ಇಸ್ತ್ರಿ ಪೆಟ್ಟಿಗೆಯನ್ನು ಇಟ್ಟು ಎತ್ತಿ, ಇಟ್ಟು ಎತ್ತಿ, ನಾಲ್ಕು ಅಂಚನ್ನೂ ಕೂರಿಸಿದೆ. ಕಾವು ಹಿತವಾಗಿದೆ ಎಂದು ಅವನು ಇನ್ನೂ ಸ್ವಲ್ಪ ಹೊತ್ತು ಇಡಿಸಿಕೊಂಡ. ಆಮೇಲೆ ಕನ್ನಡಿ ಹಿಡಿಸಿ ನೋಡಿ, "ಈಗ ಸರಿಯಾಯ್ತು," ಎಂದ. ಜೀವಮಾನದಲ್ಲಿ ಅದೊಂದೇ ಸಲ.

ಆ ಖುಷಿಯಲ್ಲಿ ಹತ್ತು ಅಂಗಿ ಒತ್ತಿದೆ. ತಿರುಗಿ ನೋಡಿದರೆ ಗೋಡೆಗೊರಗಿದವನ ತುಟಿ ನೀಲಿಯಾಗಿತ್ತು, ಉಸಿರು ಆಗೊಂದು ಈಗೊಂದು. ಪಟ್ಟಿ ಕಿತ್ತೆಸೆದು, ಸಿಕ್ಕ ಗಾಡಿಯಲ್ಲಿ ಆಸ್ಪತ್ರೆಗೆ ಹೊತ್ತೊಯ್ದೆ. ಔಷಧಿಯ ಬಲ ಮುರಿಯುವ ಇಂಜೆಕ್ಷನ್ ಕೊಟ್ಟ ಮೇಲೆ ಕಣ್ಣು ಬಿಟ್ಟ. ಉಸಿರಿನ ಜೊತೆಗೇ ಅಡಗಿದ್ದ ನೋವೂ ಮರಳಿತು. ಮಂಚದ ಕಂಬಿ ಹಿಡಿದು ನಡುಗುತ್ತಿದ್ದ.

"ಬಿಸಿ ಇಟ್ಟಿದ್ದು ಯಾರು?" ಎಂದಳು ನರ್ಸ್. ನಾನು ಬಾಯಿ ತೆರೆದೆ.

"ನಾನೇ ಇಸ್ತ್ರಿ ಹಾಕ್ಕೊಂಡೆ," ಎಂದ ಅಪ್ಪ.

"ಬೆನ್ನಿಗೆ ನೀವೇ ಹೇಗೆ ಹಾಕ್ಕೊಂಡ್ರಿ?"

"ನಲವತ್ತು ವರ್ಷದ ಕೈ ಇದು. ಅವಳ ಮುಖ ಏನ್ ನೋಡ್ತೀರಿ? ಅವಳಿಗೆ ಒಂದು ಕಾಲರ್ ಒತ್ತೋಕೂ ಬರಲ್ಲ."

ನನ್ನನ್ನು ಉಳಿಸಲೆಂದೇ ಹೇಳಿದ, ಗೊತ್ತು. ಆದರೆ ಕೊಟ್ಟಿದ್ದ ಒಂದೇ ಒಂದು ಒಳ್ಳೆಯ ಮಾತನ್ನೂ ವಾಪಸ್ ತೆಗೆದುಕೊಂಡ. ಅವನು ಸತ್ತು ಎರಡು ವರ್ಷವಾಯಿತು; ನನಗೆ ಆ ಸಿಟ್ಟು ಇನ್ನೂ ಇಳಿದಿಲ್ಲ.